ನಾಹುವಾ ಚಿತ್ರಲಿಪಿಯಲ್ಲಿ ಮನೆಯೂ ಕಟ್ಟೋಣವೂ

ಲಿಪಿಯೆಂದರೆ ಶಬ್ದಕ್ಕೆ ಕೊಟ್ಟ ಆಕಾರವೆಂದು ವರ್ಣಮಾಲೆಯಲ್ಲಿ ಅಕ್ಷರಾಭ್ಯಾಸ ಮಾಡಿದವರೆಲ್ಲರೂ ಎಣಿಸುವುದು ಸಹಜ. ಅಕಾರವನ್ನು ಸೂಚಿಸುವ ಗೆರೆಗೆ ಅಕಾರದ ಧ್ವನಿಯನ್ನು ನೆನಪಿಗೆ ತರುವುದರ ಹೊರತು ಬೇರೊಂದು ಪ್ರಯೋಜನವಿಲ್ಲ. ಈ ಅಳತೆಗೋಲನ್ನೇ ಹಿಡಿದು ಹೊರಟವರಿಗೆ, ಮನೆಯೆಂದು ಹೇಳಬೇಕಾದಲ್ಲಿ ಮನೆಯ ಆಕಾರವನ್ನೇ ಇಡುವ ಜನರು ಬರವಣಿಗೆಯ ಹೊಸ್ತಿಲನ್ನು ದಾಟದವರಂತೆ ತೋರುವರು. ಮೆಕ್ಸಿಕೋ ದೇಶದ ನಾಹುವಾತ್ಲ್ ಭಾಷೆಯ ಚಿತ್ರಲಿಪಿಗೆ ನಾಲ್ಕು ಶತಮಾನಗಳಿಗೂ ಮಿಕ್ಕು ಅಂಟಿಕೊಂಡ ಅಪವಾದವು ಇದೇ. ಸ್ಪೇನಿನ ಪಾದ್ರಿ ಹೋಸೆ ದೆ ಅಕೋಸ್ತನು ೧೫೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಖಂಡದ ಯಾವ ಜನಾಂಗಕ್ಕೂ ಅಕ್ಷರಗಳಿರಲಿಲ್ಲವೆಂದು ತೀರ್ಮಾನಿಸಿದನು. ೧೯೫೨ರಲ್ಲಿ ಲಿಪಿಶಾಸ್ತ್ರವನ್ನು ಕುರಿತು ಗ್ರಂಥ ಬರೆದ ಐ. ಜೆ. ಗೆಲ್ಬ್ ಎಂಬ ವಿದ್ವಾಂಸರೂ ಈ ಬರಹವನ್ನು ಪೂರ್ಣಲಿಪಿಗಳ ಸಾಲಿನಲ್ಲಿ ಕೂಡಿಸಲು ಒಪ್ಪಲಿಲ್ಲ.

ಇತ್ತೀಚಿನ ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು. ಎಲಿಜಬೆತ್ ಹಿಲ್ ಬೂನ್ ಅವರ ಪಕ್ಷವು, ಇದು ಮಾತಿನ ಹಂಗಿಲ್ಲದೆ ಅರ್ಥವನ್ನು ನೇರವಾಗಿ ತಿಳಿಸುವ ಬರಹವಾದುದರಿಂದ, ಲಿಪಿಯೆಂಬ ಪದದ ವ್ಯಾಪ್ತಿಯನ್ನೇ ಹಿಗ್ಗಿಸಬೇಕೆನ್ನುವುದು. ೨೦೦೮ರಲ್ಲಿ ಆಲ್ಫೋನ್ಸೋ ಲಕಾದೇನಾ ಅವರೂ, ೨೦೨೧ರಲ್ಲಿ ಗೋರ್ಡನ್ ವ್ಹಿಟೇಕರ್ ಅವರೂ ಎತ್ತಿ ಹಿಡಿದ ಪಕ್ಷವು, ಇದರಲ್ಲಿ ಪದಗಳನ್ನೂ ಅಕ್ಷರಧ್ವನಿಗಳನ್ನೂ ಹೇಳುವ ಚಿಹ್ನೆಗಳು ನಿಯಮಬದ್ಧವಾಗಿಯೇ ಇರುವುವೆಂದು ಸಾಧಿಸುವುದು. ವಾದವು ಪಂಡಿತರದಾದರೂ ಅದರಿಂದ ಹುಟ್ಟುವ ಪ್ರಶ್ನೆಯು ಪಂಡಿತರದು ಮಾತ್ರವಲ್ಲ. ಬರಹವಿಲ್ಲದ ಜನರೆಂದು ಹೆಸರಾದವರಿಗೆ ಚರಿತ್ರೆಯಿಲ್ಲ, ಕರಾರಿಲ್ಲ, ಸಾಕ್ಷ್ಯವಿಲ್ಲ ಎಂಬ ತೀರ್ಪು ಬೆನ್ನಲ್ಲೇ ಬರುವುದು. ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಮನೆ, ಗೋಡೆ, ಗುಡಿ, ಸುಣ್ಣ, ತೊಲೆಗಳನ್ನು ಆ ಲಿಪಿಯು ಹೇಗೆ ಬರೆದಿದೆಯೆಂದು ನೋಡುವುದಕ್ಕಿಂತ ಉತ್ತಮವಾದ ಒರೆಗಲ್ಲಿಲ್ಲ.

ನಾಹುವಾತ್ಲ್ ಎಂಬುದು ಮಧ್ಯ ಮೆಕ್ಸಿಕೋದ ಎತ್ತರದ ಬಯಲುಸೀಮೆಯ ಭಾಷೆ. ಇಂದಿಗೂ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಜನರು ಅದನ್ನಾಡುವರು. ಸರೋವರದ ನಡುವೆ ನಿಂತಿದ್ದ ತೆನೋಚ್ತಿತ್ಲಾನ್ ಎಂಬ ರಾಜಧಾನಿಯನ್ನು ಸ್ಪೇನಿನವರು ೧೫೨೧ರಲ್ಲಿ ಗೆದ್ದರು. ಅದಕ್ಕೆ ಮುಂಚೆ ಅಲ್ಲಿನ ಗ್ರಂಥಗಳನ್ನು ಜಿಂಕೆಯ ಚರ್ಮದ ಮೇಲೂ, ಅತ್ತಿಯ ಜಾತಿಯ ಮರದ ತೊಗಟೆಯನ್ನು ಬಡಿದು ಮಾಡಿದ ಕಾಗದದ ಮೇಲೂ ಬರೆದು, ಕನ್ನಡದ ಅಂಗಡಿಗಳಲ್ಲಿ ಹಿಂದೆ ಇದ್ದ ಕಡತದಂತೆ ಮಡಿಕೆಮಡಿಕೆಯಾಗಿ ಮಡಿಸಿಡುತ್ತಿದ್ದರು. ಯುದ್ಧದಲ್ಲಿಯೂ ತರುವಾಯದ ಮತಾವೇಶದಲ್ಲಿಯೂ ಅವು ಹೇರಳವಾಗಿ ನಾಶವಾದುದರಿಂದ, ಈಗ ಉಳಿದಿರುವ ನಾಹುವಾ ಹಸ್ತಪ್ರತಿಗಳಲ್ಲಿ ಬಹುಪಾಲು ೧೫೨೧ರ ಈಚೆಗೆ ದೇಶೀಯ ಲಿಪಿಕಾರರೇ ಬರೆದುವು. ಈ ಲಿಪಿಕಾರನಿಗೆ ತ್ಲಾಕುಯಿಲೋ ಎಂದು ಹೆಸರು. ಆ ಪದದ ಧಾತುವಿಗೆ ಅಕ್ಷರ ಬರೆಯುವುದು, ಚಿತ್ರ ಬರೆಯುವುದು ಎಂಬ ಎರಡರ್ಥಗಳೂ ಉಂಟು. ಸಂಸ್ಕೃತದ ಲಿಖ್ ಧಾತುವೂ ಹಾಗೆಯೇ. ಕನ್ನಡದಲ್ಲಿಯೂ ಪತ್ರವನ್ನು ಬರೆಯುವರು, ಗೋಡೆಯ ಮೇಲೆ ಚಿತ್ರವನ್ನೂ ಬರೆಯುವರು. ಇವೆರಡನ್ನೂ ಬೇರ್ಪಡಿಸಿದುದು ಲೋಕಸ್ವಭಾವವಲ್ಲ, ತರುವಾಯದ ಅಭ್ಯಾಸ.

ನಾಹುವಾತ್ಲಿನಲ್ಲಿ ಮನೆಗೆ ಕಲ್ಲಿ ಎಂದು ಹೆಸರು. ಕನ್ನಡದ ಕಲ್ಲಿಗೂ ಇದಕ್ಕೂ ಇರುವ ಸಾದೃಶ್ಯವು ಕಾಕತಾಳೀಯವೇ ಹೊರತು ಬಾಂಧವ್ಯವಲ್ಲ. ಕಿವಿಗೆ ಬಿದ್ದ ಹೋಲಿಕೆಯಿಂದ ಜನಾಂಗಗಳ ನಂಟಸ್ತಿಕೆಯನ್ನು ಹೆಣೆಯುವ ಚಪಲವನ್ನು ವಾಚಕರು ದೂರವಿಡತಕ್ಕದ್ದು. ಮನೆಯ ಚಿಹ್ನೆಯು ಹೀಗಿರುವುದು: ಚಪ್ಪಟೆ ಮಾಳಿಗೆಯ ಸಣ್ಣ ಮನೆಯೊಂದನ್ನು ಪಕ್ಕದಿಂದ ನೋಡಿದಂತೆ ಬರೆದು, ಬಾಗಿಲಿನ ಕಂಬವೂ ಅದರ ಮೇಲೆ ಅಡ್ಡಲಾಗಿ ಕೂತ ತೊಲೆಯೂ ಎದ್ದು ಕಾಣುವಂತೆ ಮಾಡಿರುವರು. ಕಿಟಕಿಯಿಲ್ಲ, ನೆರಳಿಲ್ಲ, ಅಂಗಳವಿಲ್ಲ. ಯಾವ ಅಂಗವಿಲ್ಲದಿದ್ದರೆ ಮನೆಯು ಬಿದ್ದುಹೋಗುವುದೋ ಆ ಕಂಬ, ತೊಲೆ, ಗೋಡೆ, ತಳಹದಿಗಳನ್ನು ಮಾತ್ರ ಉಳಿಸಿ ಮಿಕ್ಕುದನ್ನು ಬಿಟ್ಟಿರುವರು. ಇದು ಕಣ್ಣಿಗೆ ಕಂಡ ಒಂದಾನೊಂದು ಮನೆಯ ಪ್ರತಿಕೃತಿಯಲ್ಲ. ಮನೆಯೆಂಬ ಜಾತಿಯ ಲಕ್ಷಣ. ಅರಸನ ಅಥವಾ ಆಡಳಿತದ ಮನೆಯೆಂದು ಹೇಳಬೇಕಾದಲ್ಲಿ ಆ ಅಡ್ಡ ತೊಲೆಯ ಮೇಲೆ ದುಂಡನೆಯ ಬಿಲ್ಲೆಗಳ ಸಾಲೊಂದನ್ನು ಸೇರಿಸುವರು. ವಿಶೇಷ್ಯದ ಹಿಂದೆ ವಿಶೇಷಣವನ್ನು ಸೇರಿಸಿದಂತೆ ಅಷ್ಟರಿಂದಲೇ ಅರ್ಥವು ಬದಲಾಗುವುದು.

ಈ ಒಂದು ಚಿಹ್ನೆಯ ಅರ್ಥವೃತ್ತಿಗಳನ್ನು ಆಲಂಕಾರಿಕರ ಕ್ರಮದಿಂದ ವಿಂಗಡಿಸಿದರೆ ವಿಷಯವು ಸ್ಪಷ್ಟವಾಗುವುದು. ಮನೆಯ ಚಿಹ್ನೆಯು ಮನೆಯನ್ನು ಹೇಳುವುದು ಅಭಿಧೆ. ೧೫೪೦ರ ಸುಮಾರಿನಲ್ಲಿ ತೆಪೆತ್ಲಾವೋಸ್ತೋಕ್ ಸೀಮೆಯಲ್ಲಿ ಬರೆದ ಜನಗಣತಿಯ ಕಡತಗಳಲ್ಲಿ ಇದೇ ಚಿಹ್ನೆಯ ಪಕ್ಕದಲ್ಲಿ ಯಜಮಾನ, ಹೆಂಡತಿ, ಮಕ್ಕಳ ತಲೆಗಳನ್ನು ಸಾಲಾಗಿ ಬರೆದಿರುವುದು. ಅಲ್ಲಿ ಮನೆಯೆಂದರೆ ಗೋಡೆಯಲ್ಲ, ಒಕ್ಕಲು. ಮಂಚಗಳು ಕೂಗುತ್ತವೆಂದಾಗ ಮಂಚದ ಮೇಲೆ ಕುಳಿತವರು ಕೂಗುತ್ತಾರೆಂದು ತಿಳಿಯುವಂತೆ, ಇದು ಲಕ್ಷಣೆ. ಇನ್ನೂ ಮುಂದೆ ಹೋಗಿ, ವರ್ಷಗಳನ್ನು ಎಣಿಸುವ ಮೊಲ, ಜೊಂಡು, ಕಲ್ಲಿನ ಅಲಗು, ಮನೆ ಎಂಬ ನಾಲ್ಕು ಹೆಸರುಗಳಲ್ಲಿಯೂ ಮನೆಯು ಒಂದು. ಅಲ್ಲಿ ಅದಕ್ಕೆ ವಾಸಸ್ಥಾನದ ಅರ್ಥವೇ ಇಲ್ಲದೆ, ಪ್ರಭವ ವಿಭವಗಳಂತೆ ಸಂವತ್ಸರದ ನಾಮಧೇಯವಾಗಿ ನಿಂತಿದೆ. ತೆನೋಚ್ತಿತ್ಲಾನ್ ಸ್ಥಾಪಿತವಾಯಿತೆಂದು ಸಂಪ್ರದಾಯವು ಹೇಳುವ ೧೩೨೫ನೆಯ ವರ್ಷವು ಎರಡು ಮನೆ; ಅದು ಶತ್ರುಗಳ ಕೈಸೇರಿದ ೧೫೨೧ನೆಯ ವರ್ಷವು ಮೂರು ಮನೆ. ಪಟ್ಟಣದ ಹುಟ್ಟನ್ನೂ ಕೊನೆಯನ್ನೂ ಬರೆಯುವ ಲಿಪಿಕಾರನು ಎರಡು ಕಡೆಯೂ ಅದೇ ಪುಟ್ಟ ಮನೆಯನ್ನು ಬರೆದು, ಪಕ್ಕದಲ್ಲಿ ಚುಕ್ಕೆಗಳನ್ನು ಮಾತ್ರ ಎಣಿಸಿಡಬೇಕಾಯಿತು.

ಶಬ್ದದ ವಿಷಯವನ್ನು ನೋಡಬೇಕಾದರೆ ಊರಿನ ಹೆಸರುಗಳನ್ನು ಪರೀಕ್ಷಿಸತಕ್ಕದ್ದು. ಕನ್ನಡದ ಒಬ್ಬನು ತಲಕಾಡೆಂಬ ಹೆಸರನ್ನು ಚಿತ್ರದಿಂದ ತಿಳಿಸಬೇಕೆಂದು ತಲೆಯೊಂದನ್ನೂ ಕಾಡೊಂದನ್ನೂ ಬರೆದನೆಂದು ಭಾವಿಸಿದರೆ, ನೋಡುವವನು ತಲೆಯ ಅರ್ಥವನ್ನು ಬಿಟ್ಟು ಅದರ ಶಬ್ದವನ್ನು ಮಾತ್ರ ಹಿಡಿಯಬೇಕಾಗುವುದು. ನಾಹುವಾ ಲಿಪಿಕಾರರು ಈ ಉಪಾಯವನ್ನು ಸಾಧಾರಣವಾಗಿ ಬಳಸುವರು. ತೆನಾಂತ್ಸಿಂಕೋ ಎಂಬ ಊರಿನ ಹೆಸರಿನಲ್ಲಿ ತೆನಾಮಿತ್ಲ್ ಎಂದರೆ ಕೋಟೆಯ ಗೋಡೆ. ಅದನ್ನು ತೆನೆತೆನೆಯಾದ ಗೋಡೆಯ ಚಿತ್ರದಿಂದಲೇ ತಿಳಿಸುವರು. ಹೆಸರಿನ ಕೊನೆಗೆ ಬರುವ ತ್ಸಿನ್ ಎಂಬ ಪ್ರತ್ಯಯವನ್ನು ಚಿತ್ರಿಸುವುದು ಹೇಗೆ? ಪೃಷ್ಠಭಾಗಕ್ಕೆ ತ್ಸಿಂತ್ಲಿ ಎಂಬ ಮಾತಿರುವುದರಿಂದ, ಗೋಡೆಗೆ ಮನುಷ್ಯದೇಹದ ಕೆಳಗಿನ ಅರ್ಧವನ್ನು ಜೋಡಿಸಿಬಿಟ್ಟರು. ಅರ್ಥವನ್ನು ಹುಡುಕುವವನಿಗೆ ಇದು ಹಾಸ್ಯಾಸ್ಪದ. ಶಬ್ದವನ್ನು ಓದುವವನಿಗೆ ನಿಸ್ಸಂದಿಗ್ಧ. ಹಾಗೆಯೇ ಮರಗಳ ಬಳಿಯದೆಂಬ ಅರ್ಥದ ಕ್ವಾವ್ನಾಹುವಾಕ್ ಎಂಬ ಊರಿಗೆ, ಮಾತಾಡುವ ಬಾಯುಳ್ಳ ಮರವನ್ನು ಬರೆದರು. ಬಳಿ ಎಂಬುದಕ್ಕೂ ಮಾತಿಗೂ ಆ ಭಾಷೆಯಲ್ಲಿ ಧ್ವನಿಸಾಮ್ಯವುಂಟು. ಈ ಊರನ್ನೇ ಸ್ಪೇನಿನವರು ತಮ್ಮ ಕಿವಿಗೆ ಒಗ್ಗಿದಂತೆ ಕ್ವೆರ್ನವಾಕ ಎಂದು, ತಮ್ಮ ಭಾಷೆಯಲ್ಲಿ ಹಸುವಿನ ಕೊಂಬೆಂಬ ಅರ್ಥ ಹೊರಡುವಂತೆ ಕರೆದರು. ಅಕ್ಷರಮಾಲೆಯುಳ್ಳವರು ಕೆಡಿಸಿದ ಹೆಸರನ್ನು ಅಕ್ಷರವಿಲ್ಲದವರೆನಿಸಿಕೊಂಡವರ ಚಿತ್ರವು ಸರಿಯಾಗಿ ಉಳಿಸಿಕೊಂಡಿದೆ. ಇತ್ಸ್‌ಕೋವಾತ್ಲ್ ಎಂಬ ಅರಸನ ಹೆಸರನ್ನು ಕಪ್ಪುಗಾಜುಗಲ್ಲಿನ ಅಲಗುಗಳುಳ್ಳ ಹಾವಿನಂತೆ ಬರೆಯುವುದು ಒಂದು ಕ್ರಮ. ಅಲಗು, ಗಡಿಗೆ, ನೀರು ಎಂಬ ಮೂರು ಚಿಹ್ನೆಗಳಿಂದ ಅಕ್ಷರ ಕೂಡಿಸಿದಂತೆ ಬರೆಯುವುದು ಇನ್ನೊಂದು ಕ್ರಮ. ಫ್ರಾನ್ಸಿನ ಓಬ್ಯಾಂ ಎಂಬ ಶೋಧಕರು ಈ ಎರಡನೆಯದನ್ನು ೧೮೪೯ರಲ್ಲಿಯೇ ಗುರುತಿಸಿದ್ದರು. ಆದುದರಿಂದ ಶಬ್ದವನ್ನು ಹೇಳಲಾರದ ಬರಹವೆಂಬ ಆಕ್ಷೇಪಣೆಯು ನಿಲ್ಲುವುದಿಲ್ಲ.

ಆದರೆ ಲಕಾದೇನಾ ಪಕ್ಷದವರು ಗೆದ್ದರೆಂದು ಇಲ್ಲಿಗೇ ಮುಗಿಸುವುದೂ ನ್ಯಾಯವಲ್ಲ. ಹೆಸರುಗಳಲ್ಲಿ ಶಬ್ದವನ್ನು ಹಿಡಿದ ಲಿಪಿಯೇ ಕ್ರಿಯೆಯನ್ನು ಹೇಳುವಾಗ ಶಬ್ದವನ್ನು ಬಿಟ್ಟು ಚಿತ್ರದಿಂದಲೇ ವಾಕ್ಯವನ್ನು ಕಟ್ಟುವುದು. ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಭಂಡಾರದಲ್ಲಿರುವ, ೧೫೪೦ರ ಸುಮಾರಿನಲ್ಲಿ ಬರೆದುದೆಂದು ಎಣಿಸಲಾದ ಮೆಂದೋಸಾ ಹಸ್ತಪ್ರತಿಯಲ್ಲಿ ಅರಸರ ದಿಗ್ವಿಜಯಗಳ ಪಟ್ಟಿಯಿದೆ. ಅಲ್ಲಿ ಒಂದೊಂದು ಊರಿನ ಚಿಹ್ನೆಯ ಪಕ್ಕದಲ್ಲಿಯೂ ಒಂದು ಗುಡಿ; ಅದರ ಮಾಡು ಓರೆಯಾಗಿ ಜಾರಿದೆ, ಬೆಂಕಿಯೂ ಹೊಗೆಯೂ ಹೊರಡುತ್ತಿವೆ. ಆ ಊರು ಸೋತಿತೆಂದು ಅರ್ಥ. ಜಯಿಸಿದನೆಂಬ ಕ್ರಿಯಾಪದವಿಲ್ಲ, ಕಟ್ಟಿದುದು ಬೀಳುವುದೇ ಕ್ರಿಯಾಪದ. ಇದನ್ನು ನಾಹುವಾತ್ಲಿನಲ್ಲಿಯೂ ಓದಬಹುದು, ಸ್ಪಾನಿಷಿನಲ್ಲಿಯೂ ಓದಬಹುದು, ಕನ್ನಡದಲ್ಲಿಯೂ ಓದಬಹುದು. ಬೂನ್ ಅವರ ಪಕ್ಷಕ್ಕೆ ಇಲ್ಲಿ ಬಲವುಂಟು. ಒಂದೇ ಪುಟದಲ್ಲಿ ಊರಿನ ಹೆಸರು ಶಬ್ದದಿಂದಲೂ, ಅದರ ಗತಿಯು ಚಿತ್ರದಿಂದಲೂ ತಿಳಿದುಬರುವುದರಿಂದ, ಎರಡು ಪಕ್ಷಗಳೂ ಒಂದೇ ಲಿಪಿಯ ಎರಡು ಅಂಗಗಳನ್ನು ಹಿಡಿದು ವಾದಿಸುತ್ತಿರುವುವೆಂದು ಹೇಳಬೇಕಾಗಿದೆ.

ಇನ್ನು ಕಟ್ಟುವ ಕೆಲಸವನ್ನು ಈ ಲಿಪಿಯು ಹೇಗೆ ಬರೆಯಿತೆಂಬುದನ್ನು ನೋಡತಕ್ಕದ್ದು. ಮೊದಲನೆಯದಾಗಿ ಸಾಮಗ್ರಿ. ಮೆಂದೋಸಾ ಹಸ್ತಪ್ರತಿಯ ಎರಡನೆಯ ಭಾಗವು ಕಪ್ಪಕಾಣಿಕೆಗಳ ಲೆಕ್ಕ. ಕಾಡುಳ್ಳ ಕ್ವಾವುವಾಕಾನ್ ಸೀಮೆಯವರು ತೊಲೆ ಹಲಗೆಗಳನ್ನು ಕೊಡಬೇಕಾಗಿತ್ತು. ದೊಡ್ಡ ತೊಲೆಗಳು ೧೨೦೦, ಹಲಗೆಗಳು ೧೨೦೦. ಬರೆದಿರುವುದು ಒಂದೊಂದೇ ಮರದ ಚಿತ್ರ. ಅದರ ಮೇಲೆ ಕೂದಲಿನಂತೆ ತೋರುವ ಚಿಹ್ನೆಗಳು ಮೂರು. ಕೂದಲಿನ ಚಿಹ್ನೆಗೆ ೪೦೦ ಎಂದು ಬೆಲೆ, ಬಾವುಟಕ್ಕೆ ೨೦, ಚೀಲಕ್ಕೆ ೮೦೦೦. ಆತೋತೊನಿಲ್ಕೋ ಸೀಮೆಯವರು ೪೦೦ ಹೊರೆ ಸುಣ್ಣವನ್ನು ಕೊಟ್ಟರು. ಅದಕ್ಕೆ ಕೂದಲಿನ ಚಿಹ್ನೆ ಒಂದೇ ಸಾಕಾಯಿತು. ಸರೋವರದ ನಡುವಿನ ರಾಜಧಾನಿಯ ಬೆಳ್ಳನೆಯ ಗೋಡೆಗಳನ್ನು ಕಂಡು ಸ್ಪೇನಿನ ಸಿಪಾಯಿಗಳು ಬೆರಗಾದರು. ಆ ಬಿಳುಪು ಎಲ್ಲಿಂದ ಬಂದಿತೆಂಬುದನ್ನು ಈ ಪುಟಗಳು ಊರ ಹೆಸರು ಸಹಿತವಾಗಿ ಹೇಳುವುವು.

ಎರಡನೆಯದಾಗಿ ಕಾಲ. ಪ್ಯಾರಿಸ್ ನಗರದಲ್ಲಿರುವ ತೆಲ್ಲೆರಿಯಾನೋ ರೆಮೆನ್ಸಿಸ್ ಎಂಬ ಹಸ್ತಪ್ರತಿಯು ವರ್ಷಾನುಕ್ರಮದ ಬಖೈರು. ಮಹಾದೇವಾಲಯದ ಕಡೆಯ ವಿಸ್ತರಣಗಳಲ್ಲೊಂದಕ್ಕೆ ನಾಲ್ಕು ಜೊಂಡಿನ ವರ್ಷದಲ್ಲಿ, ಎಂದರೆ ೧೪೮೩ರಲ್ಲಿ, ಮೊದಲ ಕಲ್ಲಿಟ್ಟರೆಂದೂ, ಎಂಟು ಜೊಂಡಿನ ವರ್ಷವಾದ ೧೪೮೭ರಲ್ಲಿ ಕೆಲಸವು ಮುಗಿಯಿತೆಂದೂ ಅದರಿಂದ ತಿಳಿಯುವುದು. ಆ ದೇವಾಲಯದ ಚಿತ್ರದಲ್ಲಿ ಮೆಟ್ಟಿಲುಗಳ ಮೇಲೆ ಅಕ್ಕಪಕ್ಕದಲ್ಲಿ ಎರಡು ಗರ್ಭಗುಡಿಗಳಿವೆ. ೧೯೭೮ರಲ್ಲಿ ಮೆಕ್ಸಿಕೋ ನಗರದ ನಡುಬೀದಿಯಲ್ಲಿ ವಿದ್ಯುತ್ತಿನ ಕೆಲಸದವರು ಅಗೆಯುತ್ತಿದ್ದಾಗ ದೇವಿಯ ದೊಡ್ಡ ಶಿಲಾಬಿಂಬವೊಂದು ದೊರಕಿ, ಎದುವಾರ್ದೋ ಮಾತೋಸ್ ಮೊಕ್ತೆಸೂಮ ಅವರ ನೇತೃತ್ವದಲ್ಲಿ ಉತ್ಖನನವು ನಡೆಯಿತು. ಆಗ ಬೆಳಕಿಗೆ ಬಂದ ಅವಶೇಷಗಳು ಜೋಡಿ ಗುಡಿಯ ದೇವಾಲಯದವೇ. ಚಿತ್ರಲಿಪಿಯು ಹೇಳಿದುದನ್ನು ನೆಲವು ಸ್ಥಿರಪಡಿಸಿತು.

ಮೂರನೆಯದಾಗಿ ಮನುಷ್ಯರು. ಮೆಂದೋಸಾ ಹಸ್ತಪ್ರತಿಯ ೭೦ನೆಯ ಹಾಳೆಯಲ್ಲಿ ಸಾರ್ವಜನಿಕ ಕೆಲಸಗಳ ಅಧಿಕಾರಿಯು ಮನೆಯೊಂದರಲ್ಲಿ ಕುಳಿತು ಇಬ್ಬರು ಯುವಕರಿಗೆ ಮಾತು ಹೇಳುತ್ತಿರುವನು. ಬಾಯಿಂದ ಹೊರಡುವ ಸುರುಳಿಯೇ ಮಾತಿನ ಚಿಹ್ನೆ. ಮುಂದೆ ಅಗೆಯುವ ಕೋಲೂ ಹೊರುವ ಬುಟ್ಟಿಯೂ ಇವೆ. ಯುವಕರ ಕಣ್ಣಿನಿಂದ ನೀರು ತೊಟ್ಟಿಕ್ಕುತ್ತಿದೆ. ಬಿಟ್ಟಿಯ ದುಡಿಮೆಯೆಂದರೇನೆಂದು ವಿವರಿಸುವ ಒಂದು ಪದವೂ ಆ ಚಿತ್ರದಲ್ಲಿಲ್ಲ. ಕೋಲು, ಬುಟ್ಟಿ, ಕಣ್ಣೀರು, ಇಷ್ಟೇ. ಇಲ್ಲಿ ಅರ್ಥವು ವ್ಯಂಜನೆಯಿಂದ ಹೊರಡುವುದು. ಕಾವ್ಯಮೀಮಾಂಸೆಯನ್ನು ಓದಿದವರು ಇದನ್ನು ಒಪ್ಪಲು ಹಿಂದೆಗೆಯಲಾರರು. ಅದರ ಹಿಂದಿನ ೬೯ನೆಯ ಹಾಳೆಯಲ್ಲಿ ಮೊಕ್ತೆಸೂಮನ ಅರಮನೆಯಿದೆ. ಮೇಲಿನ ಕೋಣೆಯಲ್ಲಿ ಅರಸನು. ಇಕ್ಕೆಲದ ಕೋಣೆಗಳಲ್ಲಿ ಮಿತ್ರರಾಜರಿಗೆ ಬಿಡಾರ. ಕೆಳಗೆ ಒಂದು ಕಡೆ ಯುದ್ಧಸಭೆ, ಇನ್ನೊಂದು ಕಡೆ ನಾಲ್ವರು ನ್ಯಾಯಾಧಿಪತಿಗಳ ಚಾವಡಿ. ಚಾವಡಿಯ ಮುಂದೆ ಕಾದು ಕುಳಿತ ವಾದಿಪ್ರತಿವಾದಿಗಳು, ಅವರಲ್ಲಿ ಹೆಂಗಸರೂ ಇರುವರು. ಇದನ್ನು ವಾಸ್ತುಚಿತ್ರವೆಂದು ನೋಡಿದವನು ಅಳತೆ ತಪ್ಪಿದೆಯೆನ್ನುವನು. ರಾಜ್ಯಾಂಗದ ವಿವರಣೆಯೆಂದು ಓದಿದವನಿಗೆ ತಪ್ಪು ಕಾಣಲಾರದು.

ಗುಣಗಳನ್ನು ಹೇಳಿ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಲ್ಲ. ಕಟ್ಟುವ ವಿಧಾನವನ್ನು ಈ ಲಿಪಿಯು ಚೆನ್ನಾಗಿ ಹೇಳಲಾರದು. ಕೆಸರುನೆಲದಲ್ಲಿ ಮರದ ಗೂಟಗಳನ್ನು ಬಡಿದು ತಳಹದಿಯನ್ನು ಗಟ್ಟಿಮಾಡುತ್ತಿದ್ದರೆಂಬುದೂ, ಹಳೆಯ ಗುಡಿಯನ್ನು ಕೆಡವದೆ ಅದರ ಮೇಲೆಯೇ ಹೊಸದನ್ನು ಹೊದಿಸುತ್ತ ಏಳು ಘಟ್ಟಗಳಲ್ಲಿ ಮಹಾದೇವಾಲಯವನ್ನು ಬೆಳೆಸಿದರೆಂಬುದೂ ಅಗೆತದಿಂದ ಸ್ಪಷ್ಟವಾದುವೇ ಹೊರತು ಲಿಪಿಯಿಂದಲ್ಲ. ಮನೆಯ ಚಿಹ್ನೆಯು ಮನೆಯುಂಟೆಂದು ಹೇಳುವುದು. ಹೇಗೆ ಕಟ್ಟಿದರೆಂದು ಕೇಳಿದರೆ ಮೌನವಾಗುವುದು. ಆ ಕೊರತೆಯನ್ನು ಬೆರ್ನಾರ್ದಿನೋ ದೆ ಸಾಆಗುನ್ ಎಂಬ ಪಾದ್ರಿಯು ದೇಶೀಯ ವಿದ್ವಾಂಸರೊಡನೆ ಸೇರಿ ೧೫೭೭ರ ಸುಮಾರಿಗೆ ಮುಗಿಸಿದ, ಈಗ ಫ್ಲಾರೆನ್ಸ್ ನಗರದಲ್ಲಿರುವ ಹನ್ನೆರಡು ಕಾಂಡಗಳ ಗ್ರಂಥವು ಕೊಂಚಮಟ್ಟಿಗೆ ತುಂಬಿತು. ಅದರ ಹತ್ತನೆಯ ಕಾಂಡದಲ್ಲಿ ಬಡಗಿ, ಕಲ್ಲುಕುಟಿಗ ಮೊದಲಾದವರಲ್ಲಿ ಒಳ್ಳೆಯ ಕೆಲಸಗಾರನು ಎಂಥವನು, ಕೆಟ್ಟವನು ಎಂಥವನು ಎಂಬ ವಿವೇಚನೆಯಿದೆ. ಹನ್ನೊಂದನೆಯದರಲ್ಲಿ ಅರಮನೆಯಿಂದ ಹುಲ್ಲುಗುಡಿಸಿಲಿನವರೆಗೆ ಕಟ್ಟಡಗಳ ಜಾತಿಗಳನ್ನು ಹೆಸರಿಸಿರುವರು. ಆದರೆ ಅಲ್ಲಿ ವಿವರಣೆಯ ಭಾರವನ್ನು ರೋಮನ್ ಅಕ್ಷರದಲ್ಲಿ ಬರೆದ ನಾಹುವಾತ್ಲ್ ಗದ್ಯವು ಹೊತ್ತಿದೆ. ಚಿತ್ರವು ನೆರಳುಬೆಳಕುಗಳ ಯುರೋಪಿನ ಕ್ರಮವನ್ನು ಕಲಿತು ಗದ್ಯಕ್ಕೆ ಅಲಂಕಾರವಾಗುತ್ತ ಬಂದಿದೆ. ನೋಡಲು ಚಂದವಾಯಿತು, ಓದಲು ಬಡವಾಯಿತು.

ಇದರಿಂದಲೇ ಇನ್ನೊಂದು ಬಗೆಯ ಮೆಚ್ಚಿಕೆಯನ್ನೂ ಶೋಧಿಸಬೇಕಾಗುವುದು. ಈ ಬರಹವನ್ನು ಲಿಪಿಯಲ್ಲವೆಂದು ತಳ್ಳಿದವರು ಒಂದು ವಿಧವಾದರೆ, ಆಹಾ ಎಷ್ಟು ಸೊಗಸಾದ ಚಿತ್ರಕಲೆಯೆಂದು ಗೋಡೆಗೆ ತೂಗುಹಾಕುವವರು ಇನ್ನೊಂದು ವಿಧ. ಡೊನಾಲ್ಡ್ ರಾಬರ್ಟ್‌ಸನ್ ಎಂಬ ಕಲಾವಿಮರ್ಶಕರು ೧೯೫೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆ ಗುಡಿಗಳನ್ನು ಬರೆದ ರೀತಿಯನ್ನೇ ಒಂದು ಗುರುತಾಗಿಟ್ಟುಕೊಂಡು ದೇಶೀಯಶೈಲಿಯನ್ನೂ ಯುರೋಪಿನ ಪ್ರಭಾವವನ್ನೂ ಬೇರ್ಪಡಿಸಿದರು. ಅದು ಪ್ರಯೋಜನಕರವಾದ ಕೆಲಸವೇ. ಆದರೆ ಶೈಲಿಯನ್ನು ಮಾತ್ರ ನೋಡುವ ಕಣ್ಣಿಗೆ ಬರೆದವನು ಏನು ಹೇಳಿದನೆಂಬುದು ಮರೆಯಾಗುವ ಭಯವುಂಟು. ಸಾಲಪತ್ರದ ಅಕ್ಷರವು ದುಂಡಗಿದೆಯೆಂದು ಹೊಗಳಿ ಸಾಲವನ್ನು ಮರೆತರೆ, ಸಾಲ ಕೊಟ್ಟವನ ಗತಿಯೇನು?

ಈ ಮಾತು ದೃಷ್ಟಾಂತಕ್ಕಾಗಿ ಮಾತ್ರ ಹೇಳಿದುದಲ್ಲ. ಊವೆಹೊತ್ಸಿಂಕೋ ಊರಿನ ನಾಹುವಾ ಜನರು ೧೫೩೧ರಲ್ಲಿ, ತಮ್ಮಿಂದ ಅನ್ಯಾಯವಾಗಿ ತೆಗೆದುಕೊಂಡ ಪದಾರ್ಥಗಳನ್ನೂ ಮಾಡಿಸಿಕೊಂಡ ಸೇವೆಗಳನ್ನೂ ಎಂಟು ಹಾಳೆಗಳ ಮೇಲೆ ಬರೆದು, ಸ್ಪೇನಿನ ಅಧಿಕಾರಿಗಳ ಮೇಲೆ ಹೂಡಿದ ವ್ಯಾಜ್ಯದಲ್ಲಿ ಹಾಜರುಪಡಿಸಿದರು. ೧೫೩೮ರಲ್ಲಿ ಸ್ಪೇನಿನ ದೊರೆಯ ತೀರ್ಪು ಅವರ ಪರವಾಗಿ ಬಂದು, ವಸೂಲುಮಾಡಿದುದರಲ್ಲಿ ಮೂರರಲ್ಲಿ ಎರಡು ಪಾಲನ್ನು ಹಿಂದಕ್ಕೆ ಕೊಡಬೇಕೆಂದು ಆಜ್ಞೆಯಾಯಿತು. ತರುವಾಯ ೧೫೬೫ರಲ್ಲಿ, ರಾಜಪ್ರತಿನಿಧಿಯಾಗಿದ್ದ ಲೂಯಿಸ್ ದೆ ವೆಲಾಸ್ಕೋನ ಆಡಳಿತವನ್ನು ವಿಚಾರಿಸಲು ಬಂದ ವಾಲ್ದೆರ್ರಾಮನೆಂಬ ಅಧಿಕಾರಿಯ ಮುಂದೆ ಮೆಕ್ಸಿಕೋ ನಗರದ ದೇಶೀಯ ಮುಖಂಡರು ಇನ್ನೊಂದು ಚಿತ್ರಬರಹವನ್ನು ಇಟ್ಟರು. ಈಗ ಒಸೂನಾ ಹಸ್ತಪ್ರತಿಯೆಂದು ಹೆಸರಾಗಿ ಮ್ಯಾಡ್ರಿಡ್ಡಿನಲ್ಲಿರುವುದು ಅದೇ. ಒದಗಿಸಿದ ಸರಕಿಗೆ ಹಣ ಬರಲಿಲ್ಲ, ಕಟ್ಟಡದ ಕೆಲಸಕ್ಕೆ ಕೂಲಿ ಬರಲಿಲ್ಲ, ಮನೆಗೆಲಸಕ್ಕೆ ಸಂಬಳ ಬರಲಿಲ್ಲವೆಂಬುದೇ ಅದರ ತಾತ್ಪರ್ಯ. ಹಳೆಯ ಗುಡಿಗಳ ಕಲ್ಲುಗಳಿಂದ ಹೊಸ ಪಟ್ಟಣವನ್ನು ಕಟ್ಟಿದ ಕೈಗಳು, ಹಿಂದೆ ಸುಣ್ಣದ ಹೊರೆಗಳ ಲೆಕ್ಕವಿಟ್ಟ ಕ್ರಮದಲ್ಲಿಯೇ ತಮಗೆ ಬರಬೇಕಾದುದನ್ನು ಬರೆದುಕೊಟ್ಟುವು.

ಅಕೋಸ್ತನ ಗ್ರಂಥವು ಹೊರಬಿದ್ದುದು ಇದಾದ ಇಪ್ಪತ್ತೈದು ವರ್ಷಗಳ ಮೇಲೆ. ಪಂಡಿತನು ಅಕ್ಷರವಲ್ಲವೆಂದುದನ್ನು ಅಧಿಕಾರಿಗಳು ಆಗಲೇ ಸಾಕ್ಷ್ಯವೆಂದು ವಿಚಾರಣೆಗೆ ಸ್ವೀಕರಿಸಿದ್ದರು. ಯಾರು ಕೊಟ್ಟರು, ಏನು ಕೊಟ್ಟರು, ಎಷ್ಟು ಕೊಟ್ಟರು, ಯಾವ ವರ್ಷದಲ್ಲಿ ಕೊಟ್ಟರು, ಯಾರಿಗೆ ಕೊಟ್ಟರು ಎಂಬುದನ್ನು ಬರೆದವನು ಎದುರಿಗಿಲ್ಲದಾಗಲೂ ತಿಳಿಸಬಲ್ಲ ಬರಹಕ್ಕೆ ಲಿಪಿಯೆಂಬ ಹೆಸರನ್ನು ಕೊಡದೆ ಇರುವುದಕ್ಕೆ ಕಾರಣವಿಲ್ಲ. ಶಬ್ದವನ್ನು ಅದು ಬೇಕಾದಲ್ಲಿ ಹಿಡಿಯಿತು, ಬೇಡವಾದಲ್ಲಿ ಬಿಟ್ಟಿತು. ಅದು ಅಶಕ್ತಿಯಲ್ಲ, ವಿವೇಕ. ಕಟ್ಟುವ ವಿದ್ಯೆಯ ಗುಟ್ಟನ್ನು ಬಯಸುವವರು ಸಾಆಗುನನ ಗದ್ಯವನ್ನೂ ಉತ್ಖನನದ ವರದಿಗಳನ್ನೂ ಓದಲಿ. ಕಟ್ಟಿದವರು ಯಾರು, ಅವರಿಗೆ ಸಲ್ಲಬೇಕಾದುದು ಸಂದಿತೇ ಎಂದು ಕೇಳುವವರಿಗೆ ಮಾತ್ರ ಈ ಚಿತ್ರಗಳೇ ಮೂಲಪ್ರಮಾಣ. ಫ್ಲಾರೆನ್ಸಿನ ಗ್ರಂಥವೂ ಮೆಂದೋಸಾ ಹಸ್ತಪ್ರತಿಯೂ ಈಗ ಗಣಕಯಂತ್ರದ ಮೂಲಕ ಮನೆಯಲ್ಲಿ ಕುಳಿತವರಿಗೂ ಪುಟಪುಟವಾಗಿ ದೊರೆಯುವಂತಾಗಿರುವುದರಿಂದ, ಆಸಕ್ತರಾದ ವಾಚಕರು ಮನೆಯ ಚಿಹ್ನೆಯೊಂದನ್ನೇ ಹಿಡಿದು ಓದಲಾರಂಭಿಸಬಹುದು. ಕಂಬವನ್ನೂ ತೊಲೆಯನ್ನೂ ಗುರುತಿಸಿದ ಮೇಲೆ ಉಳಿದ ಚಿಹ್ನೆಗಳು ತಾವಾಗಿಯೇ ಪರಿಚಯವಾಗುತ್ತ ಬರುವುವು.